ಕೊನೆಯ ಸ್ಥಾನದ ಸರದಿ

ಕನ್ನಡಿಗನಿಗೆ ಯಾವುದನ್ನೇ ತೋರಿಸಿ ಹೇಗಿದೆ ಎಂದು ಕೇಳಿದರೂ ಅವನ ಬಾಯಿಂದ ಹೊರಡುವ ಮೊದಲ ಮಾತು ‘ಪರವಾಗಿಲ್ಲ’ ಎಂಬುದು ನನ್ನ ಬಹುದಿನದ ಅವಲೋಕನ. ಹೊಸ ಮನೆ ಹೇಗಿದೆ? ಪರವಾಗಿಲ್ಲ. ಅಳಿಯ ಹೇಗೆ? ಪರವಾಗಿಲ್ಲ. ಎದೆನೋವು? ಈಗ ಪರವಾಗಿಲ್ಲ. ದಿಲ್ಲಿಯವರಿಗೆ ಈ ಮಧ್ಯಮ ಮಾರ್ಗ ಅರ್ಥವಾಗುವುದಿಲ್ಲ. ಅವರ ಪಾಲಿಗೆ ಒಂದು ವಸ್ತು ‘ಏಕ್ ನಂಬರ್’ ಆಗಿರಬೇಕು, ಇಲ್ಲವೇ ‘ಬೇಕಾರ್’ ಆಗಿರಬೇಕು. ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ಹೆಂಡತಿ ವಿಮಲಾ ಮಾಡುವ ಸಾರಿಗೆ ನಾನು ಇದೇ ಪ್ರಶಸ್ತಿಯನ್ನು ಕೊಡುತ್ತ ಬಂದಿದ್ದೇನೆ. “ಪರವಾಗಿಲ್ಲ ಅಂದ್ರೆ ಇನ್ನೊಂದು ಸೌಟು ಬಡಿಸ್ಲೋ ಬೇಡ್ವೋ, ಅದನ್ನ ಹೇಳ್ರೀ” ಎಂದು ಅವಳು ಸೌಟು ಹಿಡಿದು ನಿಲ್ಲುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ಆ ಮಾತಿನಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಇರುವುದು ಇನ್ನೊಬ್ಬರ ಮೇಲೆ ತೀರ್ಪು ಕೊಡುವ ಗೋಜಿಗೆ ಹೋಗದ ಸಜ್ಜನಿಕೆ. ಸೋಮಾರಿತನ ಎಂದರೂ ನಾನು ಜಗಳವಾಡುವುದಿಲ್ಲ.

ಈ ಸಜ್ಜನಿಕೆಯನ್ನು ನಾನು ಕಚೇರಿಗೂ ಒಯ್ದಿದ್ದೆ. ಓಖ್ಲಾದಲ್ಲಿರುವ ಒಂದು ಸಿದ್ಧ ಉಡುಪು ರಫ್ತು ಕಂಪನಿಯಲ್ಲಿ ನಾನು ದಾಖಲೆ ವಿಭಾಗದ ಮ್ಯಾನೇಜರ್. ಅಂಗಿ, ಫ್ರಾಕುಗಳನ್ನು ಹೊಲಿಯುವವರು ಬೇರೆ, ಮಾರುವವರು ಬೇರೆ. ಅವು ಹಡಗು ಹತ್ತುವ ಮೊದಲು ಯಾವ ಪೆಟ್ಟಿಗೆಯಲ್ಲಿ ಯಾವ ಅಳತೆಯವು ಎಷ್ಟಿವೆ, ಯಾವ ದೇಶಕ್ಕೆ ಹೊರಟಿವೆ ಎಂಬುದನ್ನೆಲ್ಲ ಕಾಗದದ ಮೇಲೆ ಇಳಿಸಿ ಸಹಿ ಹಾಕುವವರು ನಾವು. ನನ್ನ ಕೈಕೆಳಗೆ ಆರು ಜನ. ವರ್ಷಕ್ಕೊಮ್ಮೆ ಆ ಆರೂ ಜನರ ಕೆಲಸಕ್ಕೆ ಐದರಲ್ಲಿ ಇಷ್ಟೆಂದು ಅಂಕ ಕೊಡುವ ಫಾರ್ಮ್ ಕಂಪ್ಯೂಟರಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ನಾನು ಎಲ್ಲರಿಗೂ ಮೂರು ಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದೆ. ಮೂರು ಎಂದರೆ ಫಾರ್ಮಿನ ಭಾಷೆಯಲ್ಲಿ ‘ನಿರೀಕ್ಷೆಗೆ ತಕ್ಕಂತೆ’. ನನ್ನ ಭಾಷೆಯಲ್ಲಿ ಅದಕ್ಕೆ ಏನೆನ್ನುತ್ತಾರೆಂದು ನೀವು ಬಲ್ಲಿರಿ.

ಐದು ವರ್ಷಗಳ ಹಿಂದೆ ಈ ಸುಖದ ಮೇಲೆ ಯಾರದೋ ಕಣ್ಣು ಬಿತ್ತು. ಗುರುಗ್ರಾಮದಿಂದ ಬಂದ ನಿರ್ವಹಣಾ ಸಲಹೆಗಾರರೊಬ್ಬರು ಗೋಡೆಯ ಮೇಲೆ ಗಂಟೆಯಾಕಾರದ ಒಂದು ಗೆರೆಯನ್ನು ಬೆಳಗಿಸಿ, ಯಾವ ಗುಂಪನ್ನೇ ತೆಗೆದುಕೊಳ್ಳಿ, ಅದರಲ್ಲಿ ಕೆಲವರು ಅತ್ಯುತ್ತಮರು, ಬಹಳ ಮಂದಿ ಸಾಧಾರಣರು, ಕೆಲವರು ಕಳಪೆಯವರು ಇದ್ದೇ ಇರುತ್ತಾರೆ, ಇದು ಪ್ರಕೃತಿ ನಿಯಮ ಎಂದು ನಮಗೆ ಬೋಧಿಸಿದರು. ಆದ್ದರಿಂದ ಇನ್ನು ಮುಂದೆ ಎಲ್ಲರಿಗೂ ಮೂರು ಹಂಚುವಂತಿಲ್ಲ. ಆರು ಜನರಿದ್ದಲ್ಲಿ ಒಬ್ಬರು ಕೊನೆಯವರಾಗಲೇಬೇಕು, ಅವರೇಕೆ ಕೊನೆಯವರೆಂಬುದಕ್ಕೆ ಮ್ಯಾನೇಜರ್ ಕಾರಣ ಬರೆಯಲೇಬೇಕು. ಐದು ಬೆರಳೂ ಸಮವಾಗಿರುವುದಿಲ್ಲ ಎಂಬ ಗಾದೆಯನ್ನು ಅವರು ಹಿಂದಿಯಲ್ಲಿ ಉದುರಿಸಿದಾಗ ಸಭೆಯೆಲ್ಲ ತಲೆದೂಗಿತು. ಸಮವಾಗಿಲ್ಲವೆಂದು ವರ್ಷವರ್ಷವೂ ಕಿರುಬೆರಳಿಗೆ ನೋಟೀಸು ಕೊಟ್ಟವರನ್ನು ನಾನು ಕಂಡಿಲ್ಲ ಎಂದು ಎದ್ದು ನಿಂತು ಹೇಳಬೇಕೆನಿಸಿತು. ಆದರೆ ಅಂದು ಮಧ್ಯಾಹ್ನದ ಊಟದ ಏರ್ಪಾಡು ಭರ್ಜರಿಯಾಗಿತ್ತು, ಪನೀರ್ ಮಸಾಲೆಯ ಪರಿಮಳ ಆಗಲೇ ಒಳಗೆ ಬರುತ್ತಿತ್ತು. ನಾನು ಎದ್ದು ನಿಂತೆ, ತಟ್ಟೆ ತೆಗೆದುಕೊಳ್ಳುವುದಕ್ಕೆ.

ವಿಭಾಗಕ್ಕೆ ಮರಳಿ ಆರು ಮುಖಗಳನ್ನು ನೋಡಿದಾಗ ನನಗೆ ಧಾರವಾಡದ ಹಾಸ್ಟೆಲು ನೆನಪಾಯಿತು. ನಮ್ಮ ಕೋಣೆಯ ಆರು ಮಂಚಗಳಲ್ಲಿ ಒಂದು ಪಾಯಖಾನೆಯ ಬಾಗಿಲಿಗೆ ಒತ್ತಿಕೊಂಡಿತ್ತು. ಯಾರಾದರೊಬ್ಬರು ಅಲ್ಲಿ ಮಲಗಲೇಬೇಕು. ಅಲ್ಲಿ ಮಲಗುವವನೇ ಕೋಣೆಯ ಅಧಮನೆಂದು ನಾವು ಯಾರೂ ಸಿದ್ಧಾಂತ ಮಾಡಲಿಲ್ಲ. ತಿಂಗಳಿಗೊಬ್ಬರಂತೆ ಸರದಿ ಹಾಕಿಕೊಂಡು, ಮೂಗಿಗೆ ಟವಲು ಕಟ್ಟಿಕೊಂಡು ಮಲಗಿದೆವು. ಅದೇ ನ್ಯಾಯವನ್ನು ನಾನು ಓಖ್ಲಾಕ್ಕೆ ತಂದೆ. ಆರೂ ಜನರನ್ನು ಕೂರಿಸಿಕೊಂಡು, ನೋಡಿ, ವರ್ಷಕ್ಕೊಬ್ಬರು ಕೊನೆಯ ಸ್ಥಾನದಲ್ಲಿ ಕೂರೋಣ, ಆ ವರ್ಷ ಸಂಬಳದ ಏರಿಕೆ ಕೊಂಚ ತೆಳ್ಳಗಾದೀತು, ಮರುವರ್ಷ ಸರಿಹೋದೀತು ಎಂದೆ. ಕಿಟಕಿಯ ಪಕ್ಕದ ತ್ಯಾಗೀಜಿ, ಹೆಸರಿಗೆ ತಕ್ಕವರಾಗಿ, “ಚಲೋ ಸರ್, ಮೊದಲ ಬಾರಿ ನನ್ನದೇ ಇರಲಿ” ಎಂದರು. ಕಿಟಕಿಯಿಂದ ಬಾಗಿಲಿನ ಕಡೆಗೆ ಕುರ್ಚಿಗಳ ಸಾಲಿನಲ್ಲೇ ಸರದಿಯೂ ನಿಶ್ಚಯವಾಯಿತು. ಆ ವರ್ಷದ ಕೊನೆಯವರಿಗೆ ಉಳಿದವರೆಲ್ಲ ಸೇರಿ ಛೋಲೆ ಭಟೂರೆ ತಿನ್ನಿಸುವುದೆಂಬ ಸಂಪ್ರದಾಯವೂ ಹುಟ್ಟಿಕೊಂಡಿತು. ನಿರ್ವಹಣಾ ಶಾಸ್ತ್ರವನ್ನು ಕನ್ನಡದ ಬುದ್ಧಿ ಮಣ್ಣುಮುಕ್ಕಿಸಿತೆಂದು ನಾನು ಒಳಗೊಳಗೇ ಬೀಗಿದೆ.

ಉಳಿದದ್ದು ಕಾರಣ ಬರೆಯುವ ಕೆಲಸ. ಇಲ್ಲಿ ನನ್ನದೊಂದು ದೌರ್ಬಲ್ಯವನ್ನು ನಿಮ್ಮಲ್ಲಿ ಹೇಳಿಕೊಳ್ಳಬೇಕು. ಬರೆಯಬೇಕೆಂಬ ಚಪಲ ನನಗೆ ಎಳವೆಯಿಂದಲೂ ಇದೆ. ಪ್ರಕಟಿಸುವವರು ಮಾತ್ರ ಇಲ್ಲ. ಹೀಗಿರುವಾಗ ಕಂಪನಿಯೇ ಮುಂದೆ ಬಂದು, ಇಷ್ಟು ಅಕ್ಷರಗಳಿಗೆ ಮೀರದಂತೆ ಒಬ್ಬ ಮನುಷ್ಯನ ಕುಂದುಕೊರತೆಗಳನ್ನು ವರ್ಣಿಸಿ ಎಂದು ಖಾಲಿ ಚೌಕವೊಂದನ್ನು ಕೊಟ್ಟರೆ ಯಾವ ಬರಹಗಾರ ಸುಮ್ಮನಿದ್ದಾನು? ಇಲ್ಲದ ಕುಂದನ್ನು ಹುಟ್ಟಿಸುವುದು ಕಷ್ಟವೆಂದು ಮೊದಲ ವರ್ಷ ತಿಣುಕಿದೆ. ಆಮೇಲೆ ರಹಸ್ಯ ಹೊಳೆಯಿತು. ಇರುವ ಗುಣವನ್ನೇ ಅಂಗಿಯ ಹಾಗೆ ಒಳಮೈ ಹೊರಕ್ಕೆ ತಿರುವಿದರೆ ಸಾಕು, ಹೊಲಿಗೆಯೆಲ್ಲ ಕಾಣತೊಡಗುತ್ತದೆ. ಚುರುಕಿನವರು ದುಡುಕಿನವರಾಗುತ್ತಾರೆ, ಜಾಗರೂಕರು ನಿಧಾನಸ್ಥರಾಗುತ್ತಾರೆ, ಮಿತಭಾಷಿಗಳಲ್ಲಿ ತಂಡಪ್ರಜ್ಞೆಯ ಕೊರತೆ ಕಾಣಿಸುತ್ತದೆ. ತ್ಯಾಗೀಜಿಗೆ ಎಲ್ಲ ನಿಯಮಗಳೂ ಬಾಯಿಪಾಠವಾಗಿದ್ದವು. ‘ಹಳೆಯ ಪದ್ಧತಿಗಳಿಗೆ ಅತಿಯಾಗಿ ಅಂಟಿಕೊಳ್ಳುತ್ತಾರೆ’ ಎಂದು ಬರೆದೆ. ಅದನ್ನು ನಾನೇ ನಾಲ್ಕು ಸಲ ಓದಿ ಆನಂದಪಟ್ಟೆ. ಬೇರೆ ಯಾರೂ ಓದುತ್ತಿರಲಿಲ್ಲವಾದ್ದರಿಂದ ನಾಲ್ಕು ವರ್ಷ ಯಾರಿಗೂ ಏನೂ ಆಗಲಿಲ್ಲ.

ಐದನೆಯ ವರ್ಷ ಸರದಿ ಬಂದದ್ದು ಸವಿತಾ ರಾವತ್ ಅವರದು. ಗಢವಾಲದ ಹೆಣ್ಣುಮಗಳು, ಬದರಪುರದಿಂದ ಬರುತ್ತಾರೆ, ಗಂಡನ ಕಾರ್ಖಾನೆ ಮುಚ್ಚಿದ ಮೇಲೆ ಇವರ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಅವರು ನನ್ನನ್ನು ಕೇಳಿ ಒಂದು ಕೆಲಸ ಮಾಡಿದ್ದು ನನಗೆ ನೆನಪಿಲ್ಲ, ಕೇಳಬೇಕಾದಂಥ ಒಂದು ತಪ್ಪು ಮಾಡಿದ್ದೂ ನೆನಪಿಲ್ಲ. ಒಮ್ಮೆ ನಾನು ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದು ಮಲಗಿದ್ದಾಗ, ಪೆಟ್ಟಿಗೆಗಳ ಪಟ್ಟಿಯಲ್ಲಿ ಮಕ್ಕಳ ಅಳತೆ, ದೊಡ್ಡವರ ಅಳತೆ ಅದಲುಬದಲಾಗಿರುವುದನ್ನು ಅವರು ಕಂಡುಹಿಡಿದರು. ಅಷ್ಟರಲ್ಲಿ ಸರಕಿನ ಲಾರಿ ನೊಯಿಡಾದ ಗೋದಾಮಿನ ಗೇಟು ದಾಟಿ ಹೊರಬಿದ್ದಿತ್ತು. ಸವಿತಾಜಿ ತಾವೇ ಡ್ರೈವರನಿಗೆ ಫೋನು ಮಾಡಿ, “ಭಯ್ಯಾ, ಅಲ್ಲೇ ಗಾಡಿ ಪಕ್ಕಕ್ಕೆ ಹಾಕು, ನಾನು ಹೇಳುವವರೆಗೆ ಮುಂದೆ ಹೋಗಬೇಡ” ಎಂದರಂತೆ. ಮಾಲೀಕರು ಹೇಳಿದರಾ ಎಂದು ಅವನು ಕೇಳಿದ್ದಕ್ಕೆ, “ನಾನೇ ಹೇಳ್ತಾ ಇದೀನಲ್ಲ” ಎಂದರಂತೆ. ಮರುದಿನ ನಾನು ಊದಿದ ದವಡೆಯನ್ನು ಹಿಡಿದುಕೊಂಡೇ ಇಡೀ ವಿಭಾಗಕ್ಕೆ ಸಮೋಸಾ ತರಿಸಿದ್ದೆ.

ಈಗ ಅವರ ಚೌಕದಲ್ಲಿ ಏನು ಬರೆಯಲಿ? ಹತ್ತು ನಿಮಿಷ ಯೋಚಿಸಿ, ನನ್ನ ಸೂತ್ರವನ್ನು ಪ್ರಯೋಗಿಸಿದೆ: ‘ಮೇಲಧಿಕಾರಿಗಳೊಂದಿಗೆ ಸಮಾಲೋಚಿಸದೆ ಸ್ವಂತವಾಗಿ ನಿರ್ಧಾರ ತೆಗೆದುಕೊಳ್ಳುವ ಪ್ರವೃತ್ತಿಯಿದೆ.’ ಉದಾಹರಣೆ ಕೊಡಿ ಎಂದು ಪಕ್ಕದ ಚೌಕ ಕೇಳಿತು. ಲಾರಿಯ ಪ್ರಸಂಗವನ್ನೇ ಕೊಟ್ಟೆ. ಅತ್ಯುತ್ತಮ ಕೆಲಸವನ್ನೇ ಅಪರಾಧಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ ಆ ಚಮತ್ಕಾರಕ್ಕೆ ನಾನೇ ಮೆಚ್ಚಿ ಬೆನ್ನು ತಟ್ಟಿಕೊಂಡು, ಗುಂಡಿ ಒತ್ತಿ ಕಳಿಸಿಬಿಟ್ಟೆ. ಅಂದು ಮಧ್ಯಾಹ್ನ ಸವಿತಾಜಿ ನಗುನಗುತ್ತ ಛೋಲೆ ಭಟೂರೆ ತಿಂದರು.

ಒಂದು ವಾರ ಕಳೆಯುವುದರೊಳಗೆ ಹೊಸ ಆದೇಶ ಬಂತು. ಈ ವರ್ಷದಿಂದ ಪ್ರತಿ ವಿಭಾಗದ ಕೊನೆಯವರಿಗೂ ತೊಂಬತ್ತು ದಿನಗಳ ‘ಸುಧಾರಣಾ ಯೋಜನೆ’. ಅಷ್ಟರಲ್ಲಿ ಸುಧಾರಿಸದವರು ರಾಜೀನಾಮೆ ಕೊಟ್ಟು ಹೋಗತಕ್ಕದ್ದು. ಓದುತ್ತಿದ್ದಂತೆ ಕುರ್ಚಿ ಬಿಟ್ಟೆದ್ದು ಲಿಫ್ಟಿಗೂ ಕಾಯದೆ ಹೊರಟೆ. ಮೂರು ಮಹಡಿ ಹತ್ತಿ ಮಾನವ ಸಂಪನ್ಮೂಲ ವಿಭಾಗದ ನಿಖಿಲ್‌ನ ಮುಂದೆ ನಿಂತೆ. ಮೂವತ್ತರ ಹುಡುಗ, ಸಭ್ಯ. ಎಲ್ಲರನ್ನೂ ಕೆಲಸದಿಂದ ತೆಗೆಯುವಾಗ ನೀರು ಕೊಟ್ಟು ತೆಗೆಯುತ್ತಾನೆ. ನಾನು ಏದುಸಿರು ಬಿಡುತ್ತಲೇ ಎಲ್ಲವನ್ನೂ ಒದರಿದೆ: ಅದು ಮೌಲ್ಯಮಾಪನವಲ್ಲ, ಸರದಿ, ಆಕೆ ನನ್ನ ವಿಭಾಗದಲ್ಲೇ ಅತ್ಯುತ್ತಮರು, ಫಾರ್ಮ್ ವಾಪಸು ಕೊಡು.

ನಿಖಿಲ್ ಎದ್ದು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿದ. “ಸರ್, ನಿಮ್ಮಲ್ಲಿ ಸರದಿಯಾ? ಬಹುತ್ ಅಚ್ಛಾ. ಇಲ್ಲಿ ನಮ್ಮ ಎಚ್‌ಆರ್‌ನಲ್ಲಿ ಚೀಟಿ ಎತ್ತುತ್ತೇವೆ. ಅಕೌಂಟ್ಸ್‌ನವರು ಯಾರು ಹೆರಿಗೆ ರಜೆಯಲ್ಲಿದ್ದಾರೋ ಅವರ ಹೆಸರು ಹಾಕುತ್ತಾರೆ. ಆದರೆ ಇದನ್ನೆಲ್ಲ ಬರೆದು ಕೊಡಬೇಡಿ. ಕೊಟ್ಟರೆ ಐದು ವರ್ಷದ ಫಾರ್ಮುಗಳೂ ಸುಳ್ಳು ಅಂತಾಯ್ತು. ಮೊದಲು ನೀವು ಹೋಗ್ತೀರಿ, ಆಮೇಲೆ ಆರೂ ಜನ.” ಆಮೇಲೆ ಸಮಾಧಾನಕ್ಕೆಂಬಂತೆ ಹೇಳಿದ: “ಟೆನ್ಷನ್ ಯಾಕೆ ಸರ್? ಅವರು ಸುಧಾರಿಸಿದರು ಅಂತ ಬರೆಯಬೇಕಾದವರೂ ನೀವೇ ಅಲ್ಲವಾ?”

ಈ ಮಾತು ನನಗೆ ಅಮೃತದಂತೆ ಕೇಳಿಸಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಹತ್ತುವಾಗ ಸತ್ಯಸಂಧನಾಗಿದ್ದವನು ಇಳಿಯುವಾಗ ವ್ಯವಹಾರಜ್ಞನಾಗಿದ್ದೆ. ಆರು ಸಂಸಾರಗಳ ಹಿತ ಎಂಬ ದೊಡ್ಡ ಕಂಬಳಿಯನ್ನು ಹೊದ್ದುಕೊಂಡಿದ್ದೆನಾದರೂ ಅದರೊಳಗೆ ಮೊದಲು ಬೆಚ್ಚಗೆ ಮುದುಡಿ ಮಲಗಿದ್ದು ನನ್ನ ಹಿತವೇ. ಮನೆಗೆ ಬಂದು ವಿಮಲಾಳಿಗೆ ನಡೆದದ್ದನ್ನು ಹೇಳಿ, ಹೇಗೂ ಸವಿತಾಜಿಯ ಕೆಲಸ ಉಳಿಯಿತು ಎಂದು ಮಾತು ಮುಗಿಸಿದೆ.

“ತಪ್ಪು ನಂದು ಅಂತ ಅವರ ಹತ್ರ ಹೇಳಿದ್ರಾ?” ಎಂದಳು.

“ಫಾರ್ಮ್ ಲಾಕ್ ಆಗಿಬಿಟ್ಟಿದೆ ಕಣೇ.”

“ಬಾಯಿ ಲಾಕ್ ಆಗಿದ್ಯಾ?”

ನಾನು ಸಾರು ಚೆನ್ನಾಗಿದೆ ಎಂದೆ.

ಮರುದಿನ ಸವಿತಾಜಿಯೇ ನನ್ನ ಮೇಜಿನ ಹತ್ತಿರ ಬಂದರು. ಯೋಜನೆಯ ನಿಯಮದಂತೆ ಅವರಿಗೆ ಫಾರ್ಮಿನ ಪ್ರತಿ ಸಿಕ್ಕಿತ್ತು. ಜಗಳಕ್ಕೆ ಬಂದಿರಬಹುದೆಂದು ನಾನು ಮುಖಕ್ಕೆ ವಿಷಾದವನ್ನು ಬಳಿದುಕೊಂಡು ಕುಳಿತೆ. ಅವರ ದನಿ ಮಾತ್ರ ಎಂದಿನಂತೆಯೇ ಇತ್ತು.

“ಬಾರಿ ನನ್ನದು ಅಂತ ಗೊತ್ತಿತ್ತು ಸರ್, ಅದಕ್ಕೆ ನನ್ನ ತಕರಾರಿಲ್ಲ. ಕಾರಣ ನೀವು ಏನೋ ಒಂದು ಬರೆಯುತ್ತೀರಿ ಅಂದುಕೊಂಡಿದ್ದೆ. ಇದನ್ನು ಓದಿದ ಮೇಲೆ ಸುಮ್ಮನೆ ಬರೆದ ಹಾಗೆ ಕಾಣಲಿಲ್ಲ. ಅವತ್ತು ನಾನು ಗಾಡಿ ನಿಲ್ಲಿಸಿದ್ದು ನಿಮಗೆ ಬೇಸರವಾಗಿತ್ತಾ?”

“ಛೇ, ಇಲ್ಲ ಸವಿತಾಜಿ, ಇದೆಲ್ಲ ಬರೀ ಫಾರ್ಮಾಲಿಟಿ” ಎಂದೆ.

“ಅವತ್ತು ನೀವು ಸಮೋಸಾ ತರಿಸಿದ್ದಿರಿ. ಅದು ಫಾರ್ಮಾಲಿಟಿಯಾ, ಇದು ಫಾರ್ಮಾಲಿಟಿಯಾ, ನನಗೆ ತಿಳಿಯಲಿಲ್ಲ ಸರ್” ಎಂದು ಅವರು ಹೊರಟುಹೋದರು. ನನ್ನ ಬರವಣಿಗೆಗೆ ದೊರೆತ ಮೊದಲ ನಿಜವಾದ ಓದುಗರು ಅವರು, ಬರೆದದ್ದನ್ನು ನಂಬಿಬಿಟ್ಟರು.

ಯೋಜನೆಯ ಹಾಳೆಯನ್ನು ಕಂಪ್ಯೂಟರೇ ತಯಾರಿಸಿತು. ನಾನು ಕುಂದೆಂದು ಬರೆದದ್ದನ್ನು ಅದು ಶಿಸ್ತಾಗಿ ನಿಯಮವನ್ನಾಗಿ ಮಾಡಿಕೊಟ್ಟಿತು: ‘ಸದರಿ ನೌಕರರು ಮೇಲಧಿಕಾರಿಯ ಪೂರ್ವಾನುಮತಿಯಿಲ್ಲದೆ ಯಾವುದೇ ನಿರ್ಧಾರವನ್ನು ತೆಗೆದುಕೊಳ್ಳತಕ್ಕದ್ದಲ್ಲ.’ ಕೆಳಗೆ ಇಬ್ಬರೂ ಸಹಿ ಮಾಡಿದೆವು. ಅಂದಿನಿಂದ ಸವಿತಾಜಿ ಪ್ರತಿಯೊಂದು ಕಾಗದವನ್ನೂ ಹಿಡಿದು ನನ್ನ ಮುಂದೆ ನಿಲ್ಲತೊಡಗಿದರು. ಈ ಪಟ್ಟಿ ಕಳಿಸಲೇ, ಸರ್? ಈ ಅಂಕಿ ತಪ್ಪಿದೆ, ತಿದ್ದಲೇ? ಗೋದಾಮಿಗೆ ಫೋನು ಮಾಡಲೇ? ಮೊದಲ ಎರಡು ವಾರ ನಾನು ಇದನ್ನು ವ್ಯಂಗ್ಯವೆಂದು ತಿಳಿದೆ, ಸಿಟ್ಟು ಇಳಿದ ಮೇಲೆ ಸರಿಹೋಗುತ್ತಾರೆಂದು ಕಾದೆ. ಅದು ವ್ಯಂಗ್ಯವೇ ಆಗಿರಲಿ ಎಂದು ಹಾರೈಸಿದೆ ಕೂಡ. ತಿಂಗಳು ಕಳೆದರೂ ಅವರ ಮುಖದಲ್ಲಿ ಹುಳಿಯಾಗಲಿ ಹುಸಿಯಾಗಲಿ ಕಾಣಲಿಲ್ಲ. ಹನ್ನೊಂದು ವರ್ಷ ತನ್ನ ಕಣ್ಣನ್ನು ನಂಬಿದ್ದ ಹೆಂಗಸು ಈಗ ಒಂದೇ ಪಟ್ಟಿಯನ್ನು ಮೂರು ಸಲ ಕೂಡಿಸಿ, ಆಮೇಲೂ ನನ್ನ ಕಡೆ ನೋಡುತ್ತಿದ್ದರು. ನನಗೋ, ಆ ಪಟ್ಟಿಗಳಲ್ಲಿನ ತಪ್ಪು ಹಗಲು ಬೆಳಕಿನಲ್ಲೂ ಕಾಣುವುದಿಲ್ಲ. ಗಂಭೀರವಾಗಿ ಕನ್ನಡಕ ಏರಿಸಿ, ಸರಿ ಕಳಿಸಿ ಎನ್ನುತ್ತಿದ್ದೆ.

ಪ್ರತಿ ಶುಕ್ರವಾರ ಸುಧಾರಣೆಯ ವರದಿ ಬರೆಯಬೇಕಿತ್ತು. ಸುಧಾರಿಸಬೇಕಾದದ್ದೇ ಇಲ್ಲದವರ ಸುಧಾರಣೆಯನ್ನು ಹದಿಮೂರು ಕಂತುಗಳಲ್ಲಿ ಹೇಗೆ ಬರೆಯುವುದೆಂದು ಮೊದಲಿಗೆ ಅಂಜಿದ್ದೆ, ಅಷ್ಟೇನೂ ಕಷ್ಟವಾಗಲಿಲ್ಲ. ‘ಈ ವಾರ ಒಂದು ನಿರ್ಧಾರವನ್ನೂ ಸ್ವತಃ ತೆಗೆದುಕೊಂಡಿಲ್ಲ’ ಎಂದು ಬರೆದೆ. ನಾನು ಐದು ವರ್ಷಗಳಲ್ಲಿ ಆ ಚೌಕಗಳಲ್ಲಿ ಬರೆದ ಮೊದಲ ನಿಜ ಅದು. ತೊಂಬತ್ತನೆಯ ದಿನ ಯೋಜನೆ ಯಶಸ್ವಿಯಾಯಿತೆಂದು ಚಪ್ಪಾಳೆ ತಟ್ಟುವ ಕೈಗಳ ಚಿತ್ರದೊಂದಿಗೆ ಮೇಲಿನಿಂದ ಪತ್ರ ಬಂತು. ನಿಖಿಲ್ ಲಿಫ್ಟಿನಲ್ಲಿ ಸಿಕ್ಕಾಗ, ಹೇಳಿದ್ದೆನಲ್ಲ ಎಂಬಂತೆ ಕಣ್ಣು ಮಿಟುಕಿಸಿದ. ನಾನು ನೆಮ್ಮದಿಯಾಗಿ ನಿಟ್ಟುಸಿರು ಬಿಟ್ಟೆ. ಇನ್ನು ಸವಿತಾಜಿ ಹಳೆಯ ಸವಿತಾಜಿಯಾಗುತ್ತಾರೆ ಎಂದು ನಂಬಿದ್ದೆ.

ಕಳೆದ ತಿಂಗಳು ಕಂಪನಿಯ ಮ್ಯಾನೇಜರುಗಳಿಗೆಲ್ಲ ಒಂದು ತರಬೇತಿ ಏರ್ಪಾಟಾಯಿತು. ನೌಕರರಲ್ಲಿ ಸ್ವಯಂಪ್ರೇರಣೆಯನ್ನು ಬೆಳೆಸುವುದು ಹೇಗೆ ಎಂಬುದು ವಿಷಯ. ಬಾಗಿಲಲ್ಲೇ ನಮ್ಮ ಫೋನುಗಳನ್ನು ಒಂದು ಬುಟ್ಟಿಗೆ ಹಾಕಿಸಿಕೊಂಡು, ಹೊರಗೆ ‘ಒಳಗೆ ಬರಬಾರದು’ ಎಂಬ ಫಲಕ ತೂಗುಹಾಕಿದರು. ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದು, ಸಹೋದ್ಯೋಗಿ ಹಿಡಿಯುತ್ತಾನೆಂದು ನಂಬುವ ಆಟವನ್ನೂ ಆಡಿಸಿದರು. ನನ್ನನ್ನು ಹಿಡಿಯಬೇಕಾದ ಅಕೌಂಟ್ಸಿನ ಮ್ಯಾನೇಜರ್ ಸ್ವಲ್ಪ ತಡಮಾಡಿದರು. ಎರಡು ಗಂಟೆಯಾದ ಮೇಲೆ ಸೊಂಟ ಹಿಡಿದುಕೊಂಡು ಹೊರಗೆ ಬಂದರೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಸವಿತಾಜಿ ಮಡಿಲಲ್ಲಿ ಫೈಲು ಇಟ್ಟುಕೊಂಡು ಕುಳಿತಿದ್ದರು. ಒಂದು ಸರಕಿನ ಪೆಟ್ಟಿಗೆಗಳಿಗೆಲ್ಲ ಬೇರೆ ದೇಶದ ಚೀಟಿ ಅಂಟಿಸಿದ್ದಾರೆ, ಗಾಡಿ ನಿಲ್ಲಿಸಲು ಹೇಳಲೇ ಎಂದು ಕೇಳಲು ಬಂದು, ನನ್ನ ಫೋನು ಹತ್ತದೆ, ಒಳಗೆ ಬರಲಾಗದೆ ಕಾದಿದ್ದರು. ಅಷ್ಟರಲ್ಲಿ ಗಾಡಿ ಡಿಪೋ ಮುಟ್ಟಿ, ಪೆಟ್ಟಿಗೆಗಳು ಕಂಟೇನರು ಸೇರಿ, ಸೀಲೂ ಬಿದ್ದಾಗಿತ್ತು.

“ನೀವೇ ಫೋನ್ ಮಾಡಿ ನಿಲ್ಲಿಸಬಹುದಿತ್ತಲ್ಲ, ಸವಿತಾಜಿ” ಎಂದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಫೈಲು ತೆರೆದು ಒಂದು ಹಾಳೆಯನ್ನು ತೋರಿಸಿದರು. ಪೂರ್ವಾನುಮತಿಯ ನಿಯಮವಿದ್ದ ಹಾಳೆ, ನನ್ನ ಸಹಿ. ಎಲ್ಲ ಕಾಗದಗಳ ಮೇಲೆ ಅದನ್ನೇ ಇಟ್ಟುಕೊಂಡಿದ್ದರು.

“ತೊಂಬತ್ತು ದಿನ ಮುಗಿದಿದೆ ಅಂತ ಗೊತ್ತು ಸರ್. ಡ್ರೈವರನ ನಂಬರು ಎರಡು ಸಲ ತೆಗೆದೆ. ಆದರೆ ನಾನು ಅವತ್ತು ಮಾಡಿದ್ದು ಸರಿ ಇತ್ತು ಅಂತ ಯಾರೂ ಬರೆದು ಕೊಟ್ಟಿಲ್ಲವಲ್ಲ.”

ಬರೆದು ಕೊಡುತ್ತೇನೆ ಎಂದೆ. ಅಂದು ಸಂಜೆಯೇ ಕುಳಿತೆ. ಎರಡು ಸಾಲಿನ ಕೆಲಸ: ಅವರು ಗಾಡಿ ನಿಲ್ಲಿಸಿದ್ದು ಸರಿ, ನಾನು ಬರೆದದ್ದು ಸುಳ್ಳು. ಮೊದಲ ಸಾಲು ಸುಲಭವಾಗಿ ಬಂತು. ಎರಡನೆಯದರ ಕೆಳಗೆ ನನ್ನ ಹೆಸರು, ಹುದ್ದೆ, ಸಹಿ ಬೇಕಾಗುತ್ತದೆ. ಅದು ನಿಖಿಲ್‌ನ ಮೇಜಿಗೆ ಹೋಗಬಹುದು. ಆ ಕಾಗದ ಈ ಹೊತ್ತಿಗೂ ಮುಗಿದಿಲ್ಲ. ಸವಿತಾಜಿ ಮತ್ತೆ ಕೇಳಿಲ್ಲ. ಕೇಳಲು ಅನುಮತಿ ಬೇಕೆಂದು ಕಾಯುತ್ತಿದ್ದಾರೇನೋ. ಅದರ ಬದಲು ನಾನು ಇದನ್ನು ಬರೆದು ಮುಗಿಸಿದ್ದೇನೆ, ಅವರಿಗೆ ಒಂದಕ್ಷರವೂ ಓದಲು ಬಾರದ ಭಾಷೆಯಲ್ಲಿ.